ಡೈನಮೋಡಿಬಿ ಪೇಜಿನೇಶನ್ ರಿವ್ಯೂ: ಪೇಜ್ ನಂಬರ್ ಮಾತ್ರ ಕೇಳ್ಬೇಡಿ, ಮಿಕ್ಕಿದ್ದು ಪರ್ವಾಗಿಲ್ಲ

ಮೊದ್ಲೇ ಹೇಳ್ಬಿಡ್ತೀನಿ, 5ಕ್ಕೆ 3.5 ಸ್ಟಾರ್. ಇದು ಅಮೆಜಾನಿನ ಕ್ಲೌಡ್ ಡೇಟಾಬೇಸ್ ಡೈನಮೋಡಿಬಿಯ ಪೂರ್ತಿ ರಿವ್ಯೂ ಅಲ್ಲ, ಅದ್ರಲ್ಲಿ ಕ್ವೆರಿ ಹೊಡೆದಾಗ, ಅಂದ್ರೆ ಡೇಟಾ ಕೇಳಿದಾಗ, ರಿಸಲ್ಟು ಕಂತು ಕಂತಾಗಿ ಬರುತ್ತಲ್ಲ ಆ ಒಂದು ಭಾಗದ್ದು, ಅಂದ್ರೆ ಪೇಜಿನೇಶನ್ ಅನ್ನೋದರದ್ದು ಅಷ್ಟೇ. ಸ್ಪೀಡು, ಬ್ಯಾಕಪ್ಪು, ಗ್ಲೋಬಲ್ ಟೇಬಲ್ಲು ಇದೆಲ್ಲ ಬೇರೆ ಯಾರಾದ್ರೂ ಬರೀಲಿ. 2012ರಿಂದ ಇರೋ ಸರ್ವಿಸು, ಮುಂಬೈ ರೀಜನ್ನಲ್ಲೂ ಸಿಗುತ್ತೆ ಹೈದರಾಬಾದಲ್ಲೂ ಸಿಗುತ್ತೆ, ಬೆಂಗ್ಳೂರಲ್ಲಿ ಬ್ಯಾಕೆಂಡ್ ಕೆಲಸ ಮಾಡೋರಿಗೆ ಯಾವತ್ತಾದ್ರೂ ಒಂದಿನ ಇದು ಗಂಟು ಬಿದ್ದೇ ಬೀಳುತ್ತೆ, ಬಿದ್ದ ಮೇಲೆ ಮೊದ್ಲು ತಲೆ ತಿನ್ನೋದು ಪೇಜಿನೇಶನ್ನೇ.

ಉದಾಹರಣೆ ಒಂದೇ ಇಟ್ಕೊಳ್ಳೋಣ, ಕೊನೇವರ್ಗೂ ಅದೇ. ದೊಡ್ಡ ಅಪಾರ್ಟ್‌ಮೆಂಟು, ಗೇಟಲ್ಲಿ ಸೆಕ್ಯುರಿಟಿಯೋರು ಒಳಗೆ ಬರೋರ್ದೆಲ್ಲ ಆ್ಯಪಲ್ಲಿ ಎಂಟ್ರಿ ಹಾಕ್ತಾರೆ, ಹಾಲಿನೋನು, ಪೇಪರಿನೋನು, ಕೊರಿಯರ್ರು, ಕೆಲಸದೋರು, ನೆಂಟ್ರು. ಪಾರ್ಟಿಷನ್ ಕೀ (ಐಟಮ್ಮು ಯಾವ ಗುಂಪಿಗೆ ಸೇರುತ್ತೆ ಅಂತ ಹೇಳೋದು) ಅಂದ್ರೆ ಅಪಾರ್ಟ್‌ಮೆಂಟ್ ಐಡಿ ಮತ್ತೆ ತಿಂಗಳು, ಸಾರ್ಟ್ ಕೀ (ಆ ಗುಂಪಿನೊಳಗೆ ಸಾಲಾಗಿ ಜೋಡಿಸೋದು) ಅಂದ್ರೆ ಟೈಮು, ಹಿಂದೆ ಒಂದು ಎಂಟ್ರಿ ಐಡಿ ಅಂಟಿಸಿರೋದು. ಒಂದೊಂದು ಎಂಟ್ರಿ ಸುಮಾರು 500 ಬೈಟು ಅಂತ ಇಟ್ಕೊಳ್ಳಿ. ಕಮಿಟಿಯೋರು ಆ್ಯಪ್ ಓಪನ್ ಮಾಡಿದ್ರೆ ಹೊಸದು ಮೇಲೆ ಬರೋ ಹಾಗೆ 20 ಎಂಟ್ರಿ ಕಾಣ್ಬೇಕು, ಕೆಳಗೆ ಎಳೆದ್ರೆ ಇನ್ನೊಂದು 20. ಇಷ್ಟೇ ಕೇಳ್ತಿರೋದು, ಚಂದ್ರಯಾನ ಏನಲ್ಲ.

ಇಷ್ಟಕ್ಕೆ ಡೈನಮೋಡಿಬಿ ನಿಜ ಹೇಳ್ಬೇಕಂದ್ರೆ ಸೂಪರ್. ಸ್ಕ್ಯಾನ್ ಇಂಡೆಕ್ಸ್ ಫಾರ್ವರ್ಡ್ ಅನ್ನೋದನ್ನ ಫಾಲ್ಸ್ ಮಾಡಿದ್ರೆ ಹೊಸದರಿಂದ ಹಳೇದಕ್ಕೆ ಬರುತ್ತೆ, ಲಿಮಿಟ್ 20 ಅಂದ್ರೆ 20 ಕೊಡುತ್ತೆ, ಜೊತೆಗೆ ಲಾಸ್ಟ್ ಇವ್ಯಾಲ್ಯುಯೇಟೆಡ್ ಕೀ ಅಂತ ಒಂದು ಕೊಡುತ್ತೆ, ಅಂದ್ರೆ ನಾನು ಓದಿದ ಕೊನೇ ಐಟಮ್ಮು ಇದು ಕಣಪ್ಪ ಅಂತ. ಮುಂದಿನ ಸಲ ಕೇಳುವಾಗ ಅದನ್ನೇ ಎಕ್ಸ್‌ಕ್ಲೂಸಿವ್ ಸ್ಟಾರ್ಟ್ ಕೀ ಅಂತ ವಾಪಸ್ ಕೊಟ್ರೆ ಅದರ ಮುಂದಿಂದ ಶುರು ಮಾಡುತ್ತೆ. ಓದಿದ್ದಕ್ಕೆ ಬಿಲ್ಲು ಹಾಕೋದು ರೀಡ್ ಯೂನಿಟ್ ಅನ್ನೋ ಅಳತೇಲಿ. 20 ಎಂಟ್ರಿ ಅಂದ್ರೆ 10,000 ಬೈಟು, 4 ಕೆಬಿ ಲೆಕ್ಕದಲ್ಲಿ ಮೇಲಕ್ಕೆ ರೌಂಡ್ ಮಾಡಿದ್ರೆ 3 ಯೂನಿಟ್ಟು, ಈವೆಂಚುವಲಿ ಕನ್ಸಿಸ್ಟೆಂಟ್ ರೀಡಿಗೆ (ಈಗಷ್ಟೇ ಬರೆದಿದ್ದು ಕಾಣ್ದೇ ಇರ್ಬಹುದು, ಪರ್ವಾಗಿಲ್ಲ ಅನ್ನೋ ರೀಡು) ಅರ್ಧ ರೇಟು, ಹಂಗಾಗಿ 1.5 ರೀಡ್ ಯೂನಿಟ್. ಮೊದಲನೇ ಪೇಜಿಗೂ ಅಷ್ಟೇ, ಐನೂರನೇ ಪೇಜಿಗೂ ಅಷ್ಟೇ. ಇದನ್ನ ಎಸ್‌ಕ್ಯುಎಲ್ ಡೇಟಾಬೇಸುಗಳ ಆಫ್‌ಸೆಟ್ (ಇಷ್ಟು ಸಾಲು ಬಿಟ್ಟು ಮುಂದಿಂದ ಕೊಡು ಅನ್ನೋದು) ಜೊತೆ ಹೋಲಿಸಿ ನೋಡಿ, ಅಲ್ಲಿ ಆಫ್‌ಸೆಟ್ 10,000 ಅಂದ್ರೆ ಆ ಹತ್ತು ಸಾವಿರಾನೂ ದಾಟ್ಕೊಂಡೇ ಹೋಗುತ್ತೆ, ಆಮೇಲೆ ಅಷ್ಟನ್ನೂ ಬಿಸಾಕಿ ನಿಮಗೆ 20 ಕೊಡುತ್ತೆ, ಪೇಜ್ ಆಳಕ್ಕೆ ಹೋದಷ್ಟೂ ನಿಧಾನ. ಇಲ್ಲಿ ಆ ತಲೆನೋವೇ ಇಲ್ಲ.

ಇನ್ನೊಂದು ಒಳ್ಳೇದು, ಇದನ್ನ ತುಂಬಾ ಜನ ಗಮನಿಸಲ್ಲ. ಆ ಕೀ ಅನ್ನೋದು ಸರ್ವರಲ್ಲಿ ಓಪನ್ ಆಗಿ ಕೂತಿರೋ ಕರ್ಸರ್ ಅಲ್ಲ, ಟೈಮ್ ಔಟ್ ಆಗಲ್ಲ, ಬರೀ ಪ್ರೈಮರಿ ಕೀ (ಪಾರ್ಟಿಷನ್ ಕೀ, ಸಾರ್ಟ್ ಕೀ ಎರಡೂ ಸೇರಿದ್ದು) ವ್ಯಾಲ್ಯೂ ಅಷ್ಟೇ. ಯೂಸರ್ರು ಅರ್ಧ ಸ್ಕ್ರೋಲ್ ಮಾಡಿ ಫೋನ್ ಪಕ್ಕಕ್ಕಿಟ್ಟು ಊಟ ಮುಗಿಸಿ ನಿದ್ದೆ ಹೊಡೆದು ಬೆಳಿಗ್ಗೆ ಎದ್ದು ಮತ್ತೆ ಎಳೆದ್ರೂ ಅಲ್ಲಿಂದಾನೇ ಮುಂದುವರಿಯುತ್ತೆ. ಅಷ್ಟರಲ್ಲಿ ಮೇಲ್ಗಡೆ ಹೊಸ ಎಂಟ್ರಿ ನೂರು ಬಂದಿದ್ರೂ ನೋಡಿದ್ದೇ ಮತ್ತೆ ಕಾಣಲ್ಲ, ಆಫ್‌ಸೆಟ್ ಇದ್ದಿದ್ರೆ ಎಲ್ಲಾ ಕೆಳಗೆ ಜರುಗಿ ಅವೇ ಎಂಟ್ರಿ ಎರಡೆರಡು ಸಲ ಬರ್ತಿತ್ತು. ಆ ಕೊನೇ ಐಟಮ್ಮನ್ನ ಯಾರಾದ್ರೂ ಡಿಲೀಟ್ ಮಾಡಿದ್ರೂ ತೊಂದ್ರೆ ಇಲ್ಲ, ಆ ಜಾಗ ಎಲ್ಲಿತ್ತು ಅಂತ ಗೊತ್ತಿದ್ರೆ ಸಾಕು ಅದಕ್ಕೆ.

ಟೈಮ್ ಒಂದೇ ಆಗಿರೋ ಎಂಟ್ರಿಗಳ ವಿಷ್ಯದಲ್ಲೂ ಇದು ಜಾಣ. ಬೆಳಿಗ್ಗೆ ಆರೂವರೆಗೆ ಎರಡು ಗೇಟಲ್ಲೂ ಹಾಲು ಪೇಪರ್ ಒಟ್ಟಿಗೆ ನುಗ್ಗೋದು, ಒಂದೇ ಸೆಕೆಂಡಲ್ಲಿ ನಾಲ್ಕು ಎಂಟ್ರಿ ಬಿದ್ದಿರುತ್ತೆ. ಕೈಯಲ್ಲೇ ಪೇಜಿನೇಶನ್ ಬರ್ಕೊಂಡು "ಕೊನೇ ಟೈಮಿಗಿಂತ ಹಳೇದು ಕೊಡು" ಅಂತ ಕೇಳಿದ್ರೆ ಆ ನಾಲ್ಕರಲ್ಲಿ ಎರಡು ಈ ಪೇಜಲ್ಲಿ ಬಂದು ಮಿಕ್ಕ ಎರಡು ಎಲ್ಲೂ ಕಾಣ್ದೇ ಮಾಯ ಆಗ್ತವೆ. ಡೈನಮೋಡಿಬಿ ಕೀ ಪೂರ್ತಿ ಇಟ್ಕೊಳ್ಳೋದ್ರಿಂದ ಆ ಗೋಳಿಲ್ಲ. ಗ್ಲೋಬಲ್ ಸೆಕೆಂಡರಿ ಇಂಡೆಕ್ಸಲ್ಲಿ (ಅದೇ ಡೇಟಾನ ಬೇರೆ ಕೀ ಮೇಲೆ ಜೋಡಿಸಿಟ್ಟಿರೋ ಇನ್ನೊಂದು ಪಟ್ಟಿ) ಸಾರ್ಟ್ ಕೀ ರಿಪೀಟ್ ಆಗ್ಬಹುದು, ಅದಕ್ಕೇ ಅಲ್ಲಿ ಬರೋ ಲಾಸ್ಟ್ ಇವ್ಯಾಲ್ಯುಯೇಟೆಡ್ ಕೀ ಒಳಗೆ ಇಂಡೆಕ್ಸ್ ಕೀ ಜೊತೆಗೆ ಮೂಲ ಟೇಬಲ್ ಕೀನೂ ಸೇರಿರುತ್ತೆ. ಇದನ್ನ ನೋಡಿ ಕೆಲವ್ರು ಯಾಕಪ್ಪ ಇಷ್ಟುದ್ದ ಅಂತ ಅರ್ಧ ಕಿತ್ತು ಬಿಸಾಕ್ತಾರೆ, ಬಿಸಾಕಿದ್ರೆ ವ್ಯಾಲಿಡೇಶನ್ ಎರರ್ ಗ್ಯಾರಂಟಿ.

ಇಲ್ಲೀವರ್ಗೂ 5 ಸ್ಟಾರ್. ಈಗ ಒಂದೂವರೆ ಎಲ್ಲಿ ಹೋಯ್ತು ಅಂತ ಹೇಳ್ತೀನಿ.

ಕಮಿಟಿ ಸೆಕ್ರೆಟರಿ ಬಂದು "ಈ ತಿಂಗ್ಳು ಆ್ಯಂಬುಲೆನ್ಸ್ ಬಂದಿದ್ದಷ್ಟೇ ತೋರಿಸ್ರೀ" ಅಂತಾರೆ. ಫಿಲ್ಟರ್ ಎಕ್ಸ್‌ಪ್ರೆಶನ್ ಅಂತ ಒಂದಿದೆ, ಹೆಸರು ನೋಡಿದ್ರೆ ಎಸ್‌ಕ್ಯುಎಲ್ ವೇರ್ (ಇಂಥದ್ದಷ್ಟೇ ಕೊಡು ಅನ್ನೋ ಷರತ್ತು) ಥರ ಅನ್ಸುತ್ತೆ, ಹಾಕ್ತೀರಿ, ಲಿಮಿಟ್ 20 ಹಂಗೇ ಇರುತ್ತೆ. ರಿಸಲ್ಟ್ ಬರುತ್ತೆ: ಸೊನ್ನೆ ಐಟಮ್. ಆದ್ರೆ ಲಾಸ್ಟ್ ಇವ್ಯಾಲ್ಯುಯೇಟೆಡ್ ಕೀ ಮಾತ್ರ ಇದೆ. ಸ್ಕ್ರೀನ್ ಮೇಲೆ ಖಾಲಿ ಪೇಜು, ಕೆಳಗೆ "ಇನ್ನಷ್ಟು ನೋಡಿ" ಬಟನ್ನು. ಒತ್ತಿದ್ರೆ ಮತ್ತೆ ಖಾಲಿ. ಮತ್ತೆ ಒತ್ತಿದ್ರೆ ಒಂದು ಎಂಟ್ರಿ. ಸೆಕ್ರೆಟರಿ ಮುಖ ನೋಡ್ಬೇಕು ಆಗ. ಆಗಿದ್ದೇನಂದ್ರೆ ಲಿಮಿಟ್ ಅನ್ನೋದು "ಇಷ್ಟು ಕೊಡು" ಅಂತಲ್ಲ, "ಇಷ್ಟು ಓದು" ಅಂತ. ಮೊದ್ಲು 20 ಓದುತ್ತೆ, ಆಮೇಲೆ ಫಿಲ್ಟರ್ ಹಾಕುತ್ತೆ, ಉಳಿದಿದ್ದು ಕೊಡುತ್ತೆ. ಆ 20ರಲ್ಲಿ ಆ್ಯಂಬುಲೆನ್ಸ್ ಇಲ್ಲ ಅಂದ್ರೆ ನಿಮ್ಮ ಹಣೆಬರಹ. ರೆಸ್ಪಾನ್ಸಲ್ಲಿ ಸ್ಕ್ಯಾನ್ಡ್ ಕೌಂಟ್ ಅಂತ ಒಂದು, ಕೌಂಟ್ ಅಂತ ಒಂದು ಬರುತ್ತೆ, ಮೊದಲನೇದು ಎಷ್ಟು ಓದ್ತು, ಎರಡನೇದು ಎಷ್ಟು ಪಾಸಾಯ್ತು. ಈ ಎರಡರ ನಡುವೆ ಅಂತರ ಜಾಸ್ತಿ ಇದ್ರೆ ನಿಮ್ಮ ಟೇಬಲ್ ಡಿಸೈನ್ ಸರಿ ಇಲ್ಲ ಅಂತ ಅದು ಮೆತ್ತಗೆ ಬೈತಿದೆ ಅಂತ ತಿಳ್ಕೊಳ್ಳಿ.

ಇನ್ನು ಕಾಸಿನ ಲೆಕ್ಕ. ಬಿಲ್ಲು ಓದಿದ್ದಕ್ಕೆ ಬೀಳೋದು, ಕೊಟ್ಟಿದ್ದಕ್ಕಲ್ಲ. ತಿಂಗಳಿಗೆ 30,000 ಎಂಟ್ರಿ ಅಂದ್ರೆ 500 ಬೈಟ್ ಲೆಕ್ಕದಲ್ಲಿ 1.5 ಕೋಟಿ ಬೈಟು, 14 ಎಂಬಿ ಚಿಲ್ಲರೆ. ಒಂದು ಕಾಲ್‌ಗೆ ಮ್ಯಾಕ್ಸಿಮಮ್ 1 ಎಂಬಿ ಮಾತ್ರ ಓದೋದು, ಆ 1 ಎಂಬಿ ಲೆಕ್ಕಾನೂ ಫಿಲ್ಟರಿಗೆ ಮುಂಚೇನೇ. ಹಂಗಾಗಿ ಲಿಮಿಟ್ ತೆಗೆದುಹಾಕಿ ಇಡೀ ತಿಂಗಳು ಜಾಲಾಡಿದ್ರೆ 15 ಕಾಲ್ ಆಗುತ್ತೆ, ಒಂದು ತುಂಬಿದ ಕಾಲ್‌ಗೆ 128 ರೀಡ್ ಯೂನಿಟ್, ಒಟ್ಟು ಸುಮಾರು 1,830. ಸ್ಟ್ರಾಂಗ್ಲಿ ಕನ್ಸಿಸ್ಟೆಂಟ್ (ಈಗಷ್ಟೇ ಬರೆದಿದ್ದೂ ಕಾಣ್ಲೇಬೇಕು ಅಂತ) ಕೇಳಿದ್ರೆ ಅದರ ಡಬಲ್ಲು. ಇಷ್ಟೆಲ್ಲ ಆಗಿ ಸಿಗೋದು ನಾಲ್ಕೋ ಐದೋ ಆ್ಯಂಬುಲೆನ್ಸು. ಪ್ರೊಜೆಕ್ಷನ್ ಹಾಕಿ ಬರೀ ಎರಡು ಫೀಲ್ಡ್ ಕೇಳ್ತೀನಿ, ಕಮ್ಮಿ ಆಗುತ್ತೆ ಅಂತ ಅನ್ಕೊಂಡ್ರಾ? ಆಗಲ್ಲ, ಐಟಮ್ಮಿನ ಪೂರ್ತಿ ಸೈಜಿಗೇ ಲೆಕ್ಕ, ನೆಟ್‌ವರ್ಕಲ್ಲಿ ಬರೋ ಡೇಟಾ ಕಮ್ಮಿ ಆಗುತ್ತೆ ಅಷ್ಟೇ. 2024ರ ನವೆಂಬರಲ್ಲಿ ಆನ್ ಡಿಮ್ಯಾಂಡ್ (ಬಳಸಿದಷ್ಟಕ್ಕೇ ದುಡ್ಡು) ರೇಟನ್ನ ಅರ್ಧಕ್ಕೆ ಇಳಿಸಿದ್ರು, ಅದು ಒಳ್ಳೇದೇ, ಆದ್ರೆ ಬೇಡದೇ ಇರೋದನ್ನ ಅರ್ಧ ರೇಟಿಗೆ ಓದ್ಕೊಂಡು ಕೂತ್ರೂ ಅದು ದಂಡಾನೇ.

ಸರಿ ಮಾಡೋ ದಾರಿ ಇದೆ, ಆದ್ರೆ ಕ್ವೆರಿ ಬರೆಯೋ ಟೈಮಲ್ಲಿ ಅಲ್ಲ, ಟೇಬಲ್ ಮಾಡೋ ಟೈಮಲ್ಲೇ ಯೋಚ್ನೆ ಮಾಡಿರ್ಬೇಕು. ಆ್ಯಂಬುಲೆನ್ಸ್ ಎಂಟ್ರಿಗೆ ಮಾತ್ರ ಒಂದು ಎಕ್ಸ್‌ಟ್ರಾ ಆ್ಯಟ್ರಿಬ್ಯೂಟ್ ಹಾಕಿ, ಅದನ್ನೇ ಕೀ ಮಾಡ್ಕೊಂಡು ಒಂದು ಗ್ಲೋಬಲ್ ಸೆಕೆಂಡರಿ ಇಂಡೆಕ್ಸ್ ಮಾಡಿ. ಆ ಆ್ಯಟ್ರಿಬ್ಯೂಟ್ ಇಲ್ದೇ ಇರೋ ಐಟಮ್ಮು ಇಂಡೆಕ್ಸ್ ಒಳಗೆ ಬರೋದೇ ಇಲ್ಲ, ಸ್ಪಾರ್ಸ್ ಇಂಡೆಕ್ಸ್ ಅಂತಾರೆ. ಆಗ 1,830 ಯೂನಿಟ್ ಹೋಗೋ ಕಡೆ ಅರ್ಧ ಒಂದು ಯೂನಿಟ್ಟಲ್ಲಿ ಕೆಲಸ ಮುಗಿಯುತ್ತೆ, ಪೇಜೂ ಸರಿಯಾಗಿ ತುಂಬ್ಕೊಂಡು ಬರುತ್ತೆ. ಎಲ್ಲಾ ಟೈಪಿಗೂ ಬೇಕು ಅಂದ್ರೆ ಅಪಾರ್ಟ್‌ಮೆಂಟ್ ಐಡಿ ಜೊತೆ ಟೈಪ್ ಸೇರಿಸಿ ಇಂಡೆಕ್ಸ್ ಪಾರ್ಟಿಷನ್ ಕೀ ಮಾಡ್ಕೊಳ್ಳಿ. ಆದ್ರೆ ನಾಳೆ ಸೆಕ್ರೆಟರಿ ಇನ್ನೊಂದು ಫಿಲ್ಟರ್ ಕೇಳ್ತಾರೆ, ನಾಡಿದ್ದು ಮತ್ತೊಂದು, ಪ್ರತಿಯೊಂದಕ್ಕೂ ಇಂಡೆಕ್ಸ್ ಮಾಡ್ತಾ ಹೋದ್ರೆ ರೈಟ್ ಖರ್ಚು ಏರುತ್ತೆ, ಟೇಬಲ್‌ಗೆ 20 ಇಂಡೆಕ್ಸ್ ಡೀಫಾಲ್ಟ್ ಮಿತಿ ಬೇರೆ.

ಫಿಲ್ಟರ್ ಬಿಡೋಕಾಗಲ್ಲ ಅಂದ್ರೆ ಲೂಪ್ ಹಾಕ್ಬೇಕು, 20 ತುಂಬೋವರ್ಗೂ ಕೇಳ್ತಾನೇ ಇರ್ಬೇಕು. ಇಲ್ಲೊಂದು ಸೂಕ್ಷ್ಮ ಇದೆ. ಲೂಪಲ್ಲಿ 17 ಸಿಕ್ಕಿದೆ, ಮುಂದಿನ ಕಾಲಲ್ಲಿ 6 ಬಂತು, ಒಟ್ಟು 23. ಯೂಸರಿಗೆ 20 ತೋರಿಸಿ ಲಾಸ್ಟ್ ಇವ್ಯಾಲ್ಯುಯೇಟೆಡ್ ಕೀನೇ ಮುಂದಿನ ಪೇಜಿನ ಟೋಕನ್ (ಎಲ್ಲಿಂದ ಮುಂದುವರಿಸ್ಬೇಕು ಅನ್ನೋ ಗುರುತು) ಅಂತ ಕೊಟ್ರೆ ಆ ಮೂರು ಗೋತಾ, ಯಾಕಂದ್ರೆ ಕೀ 23ನೇದನ್ನೂ ದಾಟಿ ಹೋಗಿದೆ. ಸರಿಯಾದ ದಾರಿ ಅಂದ್ರೆ 20ನೇ ಐಟಮ್ಮಿನ ಕೀ ತಗೊಂಡು ನೀವೇ ಟೋಕನ್ ಕಟ್ಟೋದು, ಆಗ್ಲೇ ಹೇಳಿದ್ನಲ್ಲ ಅದು ಬರೀ ಪ್ರೈಮರಿ ಕೀ ಅಂತ, ಇಂಡೆಕ್ಸ್ ಆದ್ರೆ ಇಂಡೆಕ್ಸ್ ಕೀನೂ ಸೇರಿಸಿ. ಜೊತೆಗೆ ಲೂಪಿಗೊಂದು ಕಡಿವಾಣ ಇರ್ಲಿ, ಇಷ್ಟು ಕಾಲ್ ಆದ್ಮೇಲೆ ಸಿಕ್ಕಿದಷ್ಟು ಕೊಟ್ಟು ಕೈತೊಳ್ಕೋ ಅಂತ, ಇಲ್ದಿದ್ರೆ ಲ್ಯಾಂಬ್ಡಾ (ನಿಮ್ಮ ಕೋಡ್ ಓಡಿಸೋ ಅಮೆಜಾನ್ ಸರ್ವಿಸು) ಟೈಮ್ ಔಟ್ ಆಗಿ ಅದೂ ಇಲ್ಲ ಇದೂ ಇಲ್ಲ.

ಕೀ ಇದ್ಮಾತ್ರಕ್ಕೆ ಮುಂದೆ ಡೇಟಾ ಇದೆ ಅಂತಲೂ ಅಲ್ಲ. ಸರಿಯಾಗಿ 40 ಎಂಟ್ರಿ ಇದ್ದು 20, 20 ಅಂತ ಕೇಳಿದ್ರೆ ಎರಡನೇ ಪೇಜಲ್ಲೂ ಕೀ ಕೊಡುತ್ತೆ, ಮೂರನೇದು ಕೇಳಿದ್ರೆ ಖಾಲಿ. ಕೀ ಇಲ್ಲ ಅಂದ್ರೆ ಮಾತ್ರ ಮುಗೀತು ಅಂತ ಅರ್ಥ. 21 ಕೇಳಿ 20 ತೋರಿಸೋದು ಹಳೇ ಉಪಾಯ, ಇಲ್ಲೂ ನಡೆಯುತ್ತೆ, ಟೋಕನ್ ಮಾತ್ರ 20ನೇದರಿಂದ ಕಟ್ಟಿ.

ಪೇಜ್ ನಂಬರ್ ವಿಷ್ಯಕ್ಕೆ ಬಂದ್ರೆ, ಇಲ್ಲ ಅಂದ್ರೆ ಇಲ್ಲ. "ಪೇಜ್ 7ಕ್ಕೆ ಹೋಗು" ಅನ್ನೋಕೆ ದಾರೀನೇ ಇಲ್ಲ, ಆರು ಪೇಜ್ ದಾಟ್ಕೊಂಡೇ ಹೋಗ್ಬೇಕು. ಹಿಂದಿನ ಪೇಜ್ ಬೇಕು ಅಂದ್ರೆ ಹಳೇ ಟೋಕನ್‌ಗಳನ್ನ ಫ್ರಂಟೆಂಡಲ್ಲಿ ಒಂದರ ಮೇಲೊಂದು ಪೇರಿಸಿಟ್ಕೊಳ್ಳಿ, ಅಥವಾ ಪೇಜಿನ ಮೊದಲನೇ ಐಟಮ್ಮಿನ ಕೀ ಕೊಟ್ಟು ದಿಕ್ಕು ತಿರುಗಿಸಿ ಕೇಳಿ ಬಂದಿದ್ದನ್ನ ಉಲ್ಟಾ ಮಾಡಿ. ಒಟ್ಟು ಎಷ್ಟು ಪೇಜು ಅಂತಲೂ ಹೇಳಲ್ಲ. ಸೆಲೆಕ್ಟ್ ಕೌಂಟ್ ಅಂತ ಇದೆ, ಐಟಮ್ ಕಳಿಸ್ದೇ ಎಣಿಕೆ ಮಾತ್ರ ಕೊಡುತ್ತೆ, ಆದ್ರೆ ಅದೂ ಪೂರ್ತಿ ಓದಿಯೇ ಎಣಿಸೋದು, ಅದೇ ಯೂನಿಟ್ಟು, ಅದೇ 1 ಎಂಬಿಗೆ ನಿಲ್ಲೋದು, ನೀವು ಕಾಲ್ ಮೇಲೆ ಕಾಲ್ ಮಾಡಿ ಕೂಡ್ಕೋಬೇಕು. ಡಿಸ್ಕ್ರೈಬ್ ಟೇಬಲ್ (ಟೇಬಲ್ ವಿವರ ಕೊಡೋ ಕಾಲ್) ಅಂದ್ರೆ ಅದ್ರಲ್ಲಿ ಐಟಮ್ ಕೌಂಟ್ ಅಂತ ಬರೋದು ಇಡೀ ಟೇಬಲಿಂದು, ಅದೂ ಸುಮಾರು ಆರು ಗಂಟೆಗೊಮ್ಮೆ ಅಪ್‌ಡೇಟ್ ಆಗೋದು. ನಿಜವಾಗ್ಲೂ ಟೋಟಲ್ ಬೇಕು ಅಂದ್ರೆ ಎಂಟ್ರಿ ಹಾಕುವಾಗ್ಲೇ ಒಂದು ಕೌಂಟರ್ ಐಟಮ್ಮನ್ನ ಏರಿಸ್ತಾ ಹೋಗಿ. ಅದಕ್ಕಿಂತ ಸುಲಭ ಅಂದ್ರೆ ಡಿಸೈನರ್ ಹತ್ರ ಕೂತು ಆ "1 2 3 … 48" ಪಟ್ಟಿ ತೆಗೆಸಿಬಿಡೋದು. ಗೇಟ್ ಎಂಟ್ರಿ ನೋಡೋರು 48ನೇ ಪೇಜಿಗೆ ಯಾಕ್ರೀ ಹೋಗ್ತಾರೆ, ಅವ್ರಿಗೆ ಬೇಕಿರೋದು ತಾರೀಖು. ತಾರೀಖು ಕೊಟ್ರೆ ಸಾರ್ಟ್ ಕೀ ಮೇಲೆ ಬಿಟ್ವೀನ್ ಹಾಕಿ ನೇರ ಅಲ್ಲಿಗೇ ಇಳೀಬಹುದು, ಅದರಲ್ಲಿ ಡೈನಮೋಡಿಬಿ ಹುಲಿ.

ಈಗ ನಂಗೆ ಈ ಪೇಜಿನೇಶನ್ನಲ್ಲಿ ಅತೀ ಹೆಚ್ಚು ಕೆಲಸ ಕೊಡೋ ಜಾಗ ಅನ್ಸೋದು ತಿಂಗಳ ಗಡಿ. ಪಾರ್ಟಿಷನ್ನು ತಿಂಗಳಿಗೊಂದು ಅಂತ ಮಾಡಿದ್ವಲ್ಲ, ಜೂನ್ 1ನೇ ತಾರೀಖು ಬೆಳಿಗ್ಗೆ ಆ್ಯಪ್ ತೆಗೆದ್ರೆ ಜೂನಲ್ಲಿ ಮೂರೇ ಎಂಟ್ರಿ, ಕ್ವೆರಿ ಮೂರು ಕೊಟ್ಟು ಕೀ ಇಲ್ದೇ ಮುಗೀತು ಅನ್ನುತ್ತೆ. ಯೂಸರಿಗೆ ಮುಗಿದಿಲ್ಲ, ಅವನಿಗೆ ನೆನ್ನೆ ರಾತ್ರಿದು ಕಾಣ್ಬೇಕು. ಹಂಗಾಗಿ ನೀವೇ ಮೇ ಪಾರ್ಟಿಷನ್ನಿಗೆ ಹೋಗಿ 17 ತಂದು ಸೇರಿಸ್ಬೇಕು, ನೀವು ಕೊಡೋ ಟೋಕನಲ್ಲಿ ಯಾವ ತಿಂಗಳಲ್ಲಿ ಇದೀವಿ ಅನ್ನೋದೂ ಇರ್ಬೇಕು. ಅಪಾರ್ಟ್‌ಮೆಂಟು ಮೂರು ತಿಂಗಳು ಖಾಲಿ ಇತ್ತು ಅಂದ್ರೆ ಮೂರು ಖಾಲಿ ಪಾರ್ಟಿಷನ್ ದಾಟ್ಬೇಕು, ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಿರ್ಬೇಕು, ಇಲ್ಲಾಂದ್ರೆ ಕೋಡು 1970ರವರ್ಗೂ (ಕಂಪ್ಯೂಟರ್ ಟೈಮ್ ಲೆಕ್ಕ ಶುರುವಾಗೋ ವರ್ಷ) ಹಿಂದಕ್ಕೆ ಹೋಗ್ತಾನೇ ಇರುತ್ತೆ. ಟ್ರಾಫಿಕ್ ಜಾಸ್ತಿ ಅಂತ ಒಂದೇ ತಿಂಗಳನ್ನ ನಾಲ್ಕು ಶಾರ್ಡ್, ಅಂದ್ರೆ ನಾಲ್ಕು ತುಂಡು, ಮಾಡಿದ್ರೆ ಇನ್ನೂ ಮಜಾ, ನಾಲ್ಕಕ್ಕೂ ಬೇರೆ ಬೇರೆ ಕ್ವೆರಿ, ಟೈಮ್ ನೋಡ್ಕೊಂಡು ಮರ್ಜ್, ಟೋಕನ್ ಒಳಗೆ ನಾಲ್ಕು ಕೀ. ಇದಕ್ಕೆಲ್ಲ ಡೈನಮೋಡಿಬಿ ಕಡೆಯಿಂದ ಸಹಾಯ ಏನೂ ಇಲ್ಲ, ಕೈಯಾರೆ ಬರೀಬೇಕು. ಅರ್ಧ ಸ್ಟಾರ್ ಇದಕ್ಕೇ ಕಟ್, ಒಂದು ಸ್ಟಾರ್ ಆ ಲಿಮಿಟ್ ಫಿಲ್ಟರ್ ಜೋಡಿಗೆ.

ಅಮೆಜಾನ್ ಕೊಡೋ ಲೈಬ್ರರಿಗಳು ಚೆನ್ನಾಗಿವೆ. ಪೈಥಾನ್ ಬೋಟೋ3 ಕ್ಲೈಂಟಲ್ಲಿ ಪೇಜಿನೇಟರ್ ಇದೆ, ಜಾವಾಸ್ಕ್ರಿಪ್ಟ್ ಲೈಬ್ರರಿಯ ಮೂರನೇ ವರ್ಷನ್ನಲ್ಲಿ ಪೇಜಿನೇಟ್ ಕ್ವೆರಿ ಇದೆ, ಜಾವಾ ಲೈಬ್ರರಿಯ ಎರಡನೇ ವರ್ಷನ್ನಲ್ಲಿ ಕ್ವೆರಿ ಪೇಜಿನೇಟರ್ ಇದೆ. ಒಂದು ಫಾರ್ ಲೂಪ್ ಬರೆದ್ರೆ ಕೀ ಕೊಡೋದು ತಗೊಳ್ಳೋದು ಎಲ್ಲ ಅದೇ ನೋಡ್ಕೊಳ್ಳುತ್ತೆ. ರಿಪೋರ್ಟು, ಎಕ್ಸ್‌ಪೋರ್ಟು, ಡೇಟಾ ಶಿಫ್ಟಿಂಗ್ ಇಂಥದಕ್ಕೆ ಇದನ್ನೇ ಬಳಸಿ. ಬೋಟೋ3ರಲ್ಲಿ ಟೇಬಲ್ ರಿಸೋರ್ಸ್ ಬಳಸೋರಿಗೆ ಮಾತ್ರ ಪೇಜಿನೇಟರ್ ಇಲ್ಲ, ಕ್ಲೈಂಟ್ ಕಡೆ ಹೋಗ್ಬೇಕು ಇಲ್ಲ ವೈಲ್ ಲೂಪ್ ಬರೀಬೇಕು. ಟರ್ಮಿನಲ್ ಕಮಾಂಡಲ್ಲಿ ಕ್ವೆರಿ ಹೊಡೆದ್ರೆ ತಾನಾಗೇ ಎಲ್ಲಾ ಪೇಜೂ ಎಳ್ಕೊಂಡು ಬರುತ್ತೆ, ಕುತೂಹಲಕ್ಕೆ ಒಂದು ಸ್ಕ್ಯಾನ್ ಹೊಡೆದ್ರೂ ಇಡೀ ಟೇಬಲ್ ಓದಿ ಬಿಲ್ ಮಾಡುತ್ತೆ, ಮ್ಯಾಕ್ಸ್ ಐಟಮ್ಸ್ ಹಾಕೋದು ಮರೀಬೇಡಿ. ಅಲ್ಲೇ ಔಟ್‌ಪುಟ್ ಟೆಕ್ಸ್ಟ್ ಅಂತ ಕೊಟ್ಟು ಕ್ವೆರಿ ಆಪ್ಷನ್ನಲ್ಲಿ ಕೌಂಟ್ ಕೇಳಿದ್ರೆ ಒಂದು ನಂಬರ್ ಬರೋ ಬದ್ಲು ಪೇಜಿಗೊಂದು ನಂಬರ್ ಸಾಲಾಗಿ ಬರುತ್ತೆ, ಜೇಸನ್ ಔಟ್‌ಪುಟ್ಟಲ್ಲಿ ಹಂಗಾಗಲ್ಲ.

ಇದೆಲ್ಲಕ್ಕಿಂತ ಅಪಾಯ ಅಂದ್ರೆ ಪೇಜಿನೇಶನ್ ಮಾಡೋದನ್ನೇ ಮರ್ತು ಬರೆದಿರೋ ಕೋಡು. 500 ಬೈಟ್ ಐಟಮ್ ಆದ್ರೆ 1 ಎಂಬಿಗೆ ಎರಡು ಸಾವಿರದ ಆಸುಪಾಸು ಹಿಡಿಯುತ್ತೆ. ಲ್ಯಾಪ್‌ಟಾಪಲ್ಲಿ ಡೈನಮೋಡಿಬಿ ಲೋಕಲ್ ಹಾಕ್ಕೊಂಡು ಹತ್ತು ಐಟಮ್ಮಿಟ್ಟು ಟೆಸ್ಟ್ ಮಾಡಿದ್ರೆ ಎಲ್ಲ ಹಸಿರು. ಪ್ರೊಡಕ್ಷನ್ನಲ್ಲೂ ಮೊದ್ಲು ಕೆಲವು ತಿಂಗಳು ಸರಿ. ಆಮೇಲೆ ಒಂದಿನ ಡೇಟಾ 1 ಎಂಬಿ ದಾಟುತ್ತೆ, ಎರರ್ರೂ ಬರಲ್ಲ, ವಾರ್ನಿಂಗೂ ಬರಲ್ಲ, ರಿಪೋರ್ಟಲ್ಲಿ ಟೋಟಲ್ ಮಾತ್ರ ಕಮ್ಮಿ ಬರೋಕೆ ಶುರು ಆಗುತ್ತೆ, ಯಾರಿಗೂ ತಕ್ಷಣ ಗೊತ್ತೂ ಆಗಲ್ಲ. ಟೆಸ್ಟಲ್ಲಿ ಲಿಮಿಟ್ 1 ಅಥವಾ 2 ಅಂತ ಬಲವಂತವಾಗಿ ಇಟ್ಟು ಓಡಿಸಿ, ಇಂಥ ಕೋಡು ಅಲ್ಲೇ ಸಿಕ್ಕಿಬೀಳುತ್ತೆ.

ಬೇರೆ ಕಂಪನಿಗಳ ಡೇಟಾಬೇಸ್ ಹೆಂಗೆ ಅಂತ ಕೇಳೋರಿಗೆ: ಗೂಗಲ್ ಫೈರ್‌ಸ್ಟೋರಲ್ಲಿ ಲಿಮಿಟ್ 20 ಅಂದ್ರೆ ಫಿಲ್ಟರ್ ಪಾಸಾದ 20 ಡಾಕ್ಯುಮೆಂಟೇ ಬರೋದು, ಯಾಕಂದ್ರೆ ಫಿಲ್ಟರ್ರು ಇಂಡೆಕ್ಸ್ ಮೇಲೇ ನಡೆಯೋದು. ಸ್ಟಾರ್ಟ್ ಆಫ್ಟರ್, ಎಂಡ್ ಬಿಫೋರ್, ಲಿಮಿಟ್ ಟು ಲಾಸ್ಟ್ ಎಲ್ಲ ಕೊಟ್ಟಿದ್ದಾರೆ, ಹಿಂದಿನ ಪೇಜು ಆರಾಮ. ಆಫ್‌ಸೆಟ್ಟೂ ಕೆಲವು ಸರ್ವರ್ ಲೈಬ್ರರಿಗಳಲ್ಲಿದೆ, ಆದ್ರೆ ಹಾರಿಸಿದ ಡಾಕ್ಯುಮೆಂಟಿಗೂ ಚಾರ್ಜ್ ಹಾಕ್ತಾರೆ. ಮೈಕ್ರೋಸಾಫ್ಟ್ ಕಾಸ್ಮೋಸ್ ಡಿಬೀಲಿ ಕಂಟಿನ್ಯುಯೇಶನ್ ಟೋಕನ್ ಕೊಡ್ತಾರೆ, ಆಫ್‌ಸೆಟ್ ಲಿಮಿಟ್ ಬರೀಬಹುದು, ಆಫ್‌ಸೆಟ್ ಬೆಳೆದಷ್ಟೂ ಖರ್ಚೂ ಬೆಳೆಯುತ್ತೆ. ಬಳಸೋಕೆ ಹಿತ ಅಂದ್ರೆ ಫೈರ್‌ಸ್ಟೋರು, ಅದ್ರಲ್ಲಿ ಎರಡು ಮಾತಿಲ್ಲ. ಡೈನಮೋಡಿಬಿ ಗೆಲ್ಲೋದು ಖರ್ಚು ಮುಂಚೇನೇ ಕಣ್ಣಿಗೆ ಕಾಣೋದ್ರಲ್ಲಿ, ಕ್ವೆರಿ ನೋಡಿದ ತಕ್ಷಣ ಇಷ್ಟು ಯೂನಿಟ್ ಅಂತ ಪೆನ್ನು ಪೇಪರಲ್ಲೇ ಹೇಳ್ಬಹುದು, ಕಾಸಿಗೆ ತಕ್ಕ ಕಜ್ಜಾಯ.

ಹೆಸರಲ್ಲಿ ಹುಡುಕು, ಫೋನ್ ನಂಬರಿನ ಅರ್ಧದಲ್ಲಿ ಹುಡುಕು, ಎಲ್ಲಾ ಕಾಲಮ್ಮಲ್ಲೂ ಸಾರ್ಟ್ ಮಾಡು ಅನ್ನೋ ಅಡ್ಮಿನ್ ಸ್ಕ್ರೀನ್ ಇದ್ರೆ ಇದರ ಸಹವಾಸಾನೇ ಬೇಡ, ಸ್ಟ್ರೀಮ್ಸ್ (ಟೇಬಲ್ಲಲ್ಲಿ ಆದ ಬದಲಾವಣೆಗಳನ್ನ ಸಾಲಾಗಿ ಕೊಡೋದು) ಮೂಲಕ ಪೋಸ್ಟ್‌ಗ್ರೆಸ್ ಅನ್ನೋ ಎಸ್‌ಕ್ಯುಎಲ್ ಡೇಟಾಬೇಸಿಗೋ ಓಪನ್‌ಸರ್ಚ್ ಅನ್ನೋ ಸರ್ಚ್ ಇಂಜಿನ್ನಿಗೋ ಕಾಪಿ ಕಳಿಸಿ ಅಲ್ಲಿಂದ ತೋರಿಸಿ. ಓಪನ್‌ಸರ್ಚಲ್ಲೂ ಡೀಫಾಲ್ಟಾಗಿ 10,000 ರಿಸಲ್ಟ್ ಆಚೆಗೆ ಪೇಜ್ ಹಾರಿಸೋಕೆ ಬಿಡಲ್ಲ ಅನ್ನೋದು ಬೇರೆ ಮಾತು.

ಟೋಕನ್ ಬಗ್ಗೆ ಒಂದು ವಿಷ್ಯ ಉಳ್ಕೊಂಡಿದೆ. ಲಾಸ್ಟ್ ಇವ್ಯಾಲ್ಯುಯೇಟೆಡ್ ಕೀನ ಬೇಸ್64 ಮಾಡಿ ಯುಆರ್‌ಎಲ್ಲಲ್ಲಿ ಹಾಕ್ಬಿಡೋ ಕೋಡು ಎಲ್ಲಾ ಕಡೆ ಕಾಣುತ್ತೆ. ಬೇಸ್64 ಅನ್ನೋದು ಬೀಗ ಅಲ್ಲ, ಯಾರು ಬೇಕಾದ್ರೂ ಬಿಚ್ಚಿ ನೋಡ್ಬಹುದು. ಕೀ ಒಳಗೆ ಫೋನ್ ನಂಬರೋ ಫ್ಲ್ಯಾಟ್ ನಂಬರೋ ಇದ್ರೆ ಅದು ಲಾಗಿಗೂ ಹೋಯ್ತು, ಬ್ರೌಸರ್ ಹಿಸ್ಟರಿಗೂ ಹೋಯ್ತು. ಎನ್‌ಕ್ರಿಪ್ಟ್ ಮಾಡಿ, ಕಮ್ಮಿ ಅಂದ್ರೂ ಸಹಿ ಹಾಕಿ ವಾಪಸ್ ಬಂದಾಗ ಚೆಕ್ ಮಾಡಿ, ಅಪಾರ್ಟ್‌ಮೆಂಟ್ ಐಡಿಯನ್ನ ಟೋಕನಿಂದ ತಗೋಬೇಡಿ, ಲಾಗಿನ್ ಆಗಿರೋ ಯೂಸರ್ ಕಡೆಯಿಂದಾನೇ ತಗೊಳ್ಳಿ. ಟೋಕನ್ ಒಳಗೆ ಒಂದು ವರ್ಷನ್ ನಂಬರೂ ಹಾಕಿಡಿ, ನಾಳೆ ಇಂಡೆಕ್ಸ್ ಬದಲಾಯಿಸಿದಾಗ ಹಳೇ ಕೀ ಹಿಡ್ಕೊಂಡು ಬರೋ ಆ್ಯಪ್‌ಗೆ ಎರರ್ ಕೊಡೋ ಬದ್ಲು ಮೊದಲನೇ ಪೇಜಿಂದ ಶುರು ಮಾಡು ಅಂತ ಹೇಳ್ಬಹುದು, ಆ್ಯಪ್ ಅಪ್‌ಡೇಟೇ ಮಾಡ್ದೇ ಇರೋ ಅಂಕಲ್‌ಗಳು ಪ್ರತಿ ಅಪಾರ್ಟ್‌ಮೆಂಟಲ್ಲೂ ಇದ್ದೇ ಇರ್ತಾರೆ.